ಉಳಿದ ಐದು ಪೊಟ್ಟಣ

೧೯೬೪ರ ಅಕ್ಟೋಬರ್ ೧೩, ಮಂಗಳವಾರ. ಬೆಳಿಗ್ಗೆ ಒಂಬತ್ತು ನಲವತ್ತಕ್ಕೆ ಠಾಣೆಯ ಎದುರು ಕಪ್ಪು ಮೋರಿಸ್ ಕಾರೊಂದು ಬಂದು ನಿಂತಿತು. ಇಳಿದವರು ಡಾಕ್ಟರ್ ಸೆವರಿನ್ ಕುಟಿನ್ಹೊ. ಕುಲಶೇಖರದ ಗುಡ್ಡದ ಮೇಲೆ ಹಂಚಿನ ಮಾಡಿನ ಒಂದು ಪ್ರಯೋಗಶಾಲೆ ಕಟ್ಟಿಕೊಂಡು ಆರು ವರ್ಷಗಳಿಂದ ಮದ್ದು ಹುಡುಕುತ್ತಿದ್ದ ಮನುಷ್ಯ. ಊರಿನವರು ಅವರನ್ನು ಇಲಿ ಡಾಕ್ಟ್ರು ಎನ್ನುತ್ತಿದ್ದರು.

"ಕಳವಾಗಿದೆ," ಎಂದರು ಕೂರುವ ಮೊದಲೇ. "ಒಂದು ಬಾಟ್ಲಿ."

ಹೆಡ್ ಕಾನ್‌ಸ್ಟೇಬಲ್ ಅಬೂಬಕ್ಕರ್ ತಲೆಯೆತ್ತಿದ. ಪಾನನಿಷೇಧದ ಜಿಲ್ಲೆಯಲ್ಲಿ ಬಾಟ್ಲಿ ಕಳವಾಯಿತೆಂದು ದೂರು ಕೊಡಲು ಬಂದ ಮೊದಲ ಮನುಷ್ಯನನ್ನು ಅವನು ಆವತ್ತೇ ಕಂಡದ್ದು.

"ಎಂತ ಬಾಟ್ಲಿ ಡಾಕ್ಟ್ರೇ? ಕಂಟ್ರಿ ಸಾರಾಯಿಯಾ?"

"ಮದ್ದು! ನಲವತ್ತೊಂದನೆಯ ಮದ್ದು. ಮೂವತ್ತು ಗ್ರಾಂ. ಎಂಟು ತಿಂಗಳ ಕೆಲಸ."

ಸಬ್ ಇನ್ಸ್‌ಪೆಕ್ಟರ್ ವಿಠಲ ಕೆದಿಲಾಯ ಒಳಗಿನಿಂದ ಬಂದು ಕುರ್ಚಿ ತೋರಿಸಿದ. ಮೂವತ್ತೈದರ ಪ್ರಾಯ, ದೇವಸ್ಥಾನದ ಅರ್ಚಕರ ಮಗ, ಗಂಟೆ ಹಿಡಿಯಬೇಕಾದ ಕೈಯಲ್ಲಿ ಲಾಠಿ ಹಿಡಿದವ. ಸಿಟ್ಟು ಮೂಗಿನ ತುದಿಯಲ್ಲಿ.

"ಯಾವ ರೋಗಕ್ಕೆ?"

"ಮೇದೋಜೀರಕ ಗ್ರಂಥಿಯ ಕ್ಯಾನ್ಸರ್. ಹೊಟ್ಟೆಯ ಹಿಂದೆ ಅಡಗಿ ಕೂತಿರ್ತದೆ. ಹೊರಗೆ ತೋರುವಾಗ ಕತ್ತಿ ಹಾಕ್ಲಿಕ್ಕೂ ಜಾಗ ಇರುದಿಲ್ಲ. ಅದಕ್ಕೆ ನಾನು ಸಣ್ಣ ಅಣುವಿನ ಮದ್ದು ಮಾಡ್ತಾ ಇದ್ದೇನೆ. ದೊಡ್ಡ ಅಣು ನುಂಗಿದರೆ ಅನ್ನದ ಹಾಗೆ ಜೀರ್ಣವಾಗಿ ಹೋಗ್ತದೆ. ಸಣ್ಣದು ರಕ್ತಕ್ಕೆ ಸೇರಿ, ರೋಗದ ಜೀವಕೋಶದ ಒಳಗೇ ನುಗ್ಗಿ, ಅದು ಒಂದು ಎರಡಾಗುದನ್ನು ತಡೀತದೆ."

"ಮನುಷ್ಯರಿಗೆ ಕೊಟ್ಟಿದ್ದೀರಾ?"

"ಇಲ್ಲ, ಇಲ್ಲ. ಪಕ್ಕೆಗೆ ಗೆಡ್ಡೆ ನೆಟ್ಟ ಇಲಿಗೆ ಮಾತ್ರ. ಇಪ್ಪತ್ತು ಇಲಿಗಳಲ್ಲಿ ಹದಿನಾಲ್ಕಕ್ಕೆ ಗೆಡ್ಡೆ ಮಾಯ!" ಡಾಕ್ಟರ ದನಿ ಏರಿತು. "ಜಗತ್ತಿನಲ್ಲಿ ಯಾರಿಗೂ ಆಗದ್ದು."

"ಕೊನೆಗೆ ಬಾಟ್ಲಿ ನೋಡಿದ್ದು?"

"ಎರಡನೇ ತಾರೀಕಿಗೆ. ಇವತ್ತು ಫ್ರಿಜ್ ತೆಗೆದರೆ ಜಾಗ ಖಾಲಿ."

"ಸಂಶಯ?"

"ಇಲಿ ನೋಡಿಕೊಳ್ಳುವ ಹರಿದಾಸ. ಬೇಜವಾಬ್ದಾರಿ ಮನುಷ್ಯ. ಎರಡು ಸಲ ನೋಟೀಸ್ ಕೊಟ್ಟಿದ್ದೇನೆ. ಸೇಡಿಗೆ ಮಾಡಿರ್ತಾನೆ."

ಒಂಬತ್ತು ಐವತ್ತೈದಕ್ಕೆ ಎಫ್.ಐ.ಆರ್. ಆಯಿತು. ಭಾರತೀಯ ದಂಡ ಸಂಹಿತೆ ಕಲಮು ೩೮೧, ನೌಕರನಿಂದ ಕಳವು.

ಹತ್ತೂವರೆಗೆ ಸ್ಥಳ ಪಂಚನಾಮೆ. ಪಂಚರಲ್ಲಿ ಒಬ್ಬ, ಗುಡ್ಡದ ಬುಡದಲ್ಲಿ ಬೀಡಿ ಸೋಡಾ ಅಂಗಡಿ ಇಟ್ಟಿದ್ದ ಅಹ್ಮದ್ ಬಾವ. ಬೀಗ ಒಡೆದಿರಲಿಲ್ಲ. ಫ್ರಿಜ್ಜಿನ ಕೀಲಿಕೈ ಡಾಕ್ಟರ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು, ಯಾರು ಬೇಕಾದರೂ ತೆಗೆಯುವಂತೆ. ಆ ಪ್ರಯೋಗಶಾಲೆಯಲ್ಲಿ ಯಾರು ಬೇಕಾದರೂ ಎಂದರೆ ಮೂವರೇ: ಡಾಕ್ಟರು, ಹರಿದಾಸ, ಮತ್ತೆ ವಾರಕ್ಕೊಮ್ಮೆ ಇಲಿಗಳನ್ನು ತೂಗಿ, ಗೆಡ್ಡೆ ಮುಟ್ಟಿ ನೋಡಿ ಪುಸ್ತಕದಲ್ಲಿ ಬರೆಯುವ ಸಹಾಯಕಿ ಎವ್ಲಿನ್ ತಾವ್ರೊ.

"ಆಕೆ ಎಲ್ಲಿ?"

"ರಜೆಯಲ್ಲಿ. ಮನೆಯಲ್ಲಿ ಯಾರಿಗೋ ಹುಷಾರಿಲ್ಲ ಅಂತ. ಎವ್ಲಿನ್ ಬಂಗಾರದಂಥ ಹುಡುಗಿ, ಅವಳನ್ನು ಬಿಡಿ."

ಹರಿದಾಸ ಇಲಿಗೂಡುಗಳ ಕೋಣೆಯ ಬಾಗಿಲಲ್ಲಿ ನಿಂತಿದ್ದ. ನಲವತ್ತರ ಬಡಕಲು ಮನುಷ್ಯ, ಅಂಗಿಯ ಮೇಲೆ ಮರದ ಹೊಟ್ಟು. ಪೊಲೀಸರನ್ನು ಕಂಡದ್ದೇ ಅವನ ಕಣ್ಣು ಹಿತ್ತಿಲಿನತ್ತ ಹೋಯಿತು.

"ಬಾಟ್ಲಿ ಎಲ್ಲಿ ಇಟ್ಟಿದ್ದಿ?"

"ನಾನು ತೆಗೀಲಿಲ್ಲ ಸಾರ್. ದೇವರಾಣೆ."

"ಮತ್ತೆ ಯಾಕೆ ಆಚೆ ನೋಡ್ತಿ?"

ಆಗ ಅಹ್ಮದ್ ಬಾವ ಕೆಮ್ಮಿದ. "ಸಾರ್, ಹೇಳ್ಬಾರ್ದು, ಪಾಪದವ. ಆದ್ರೆ ಕಳೆದ ತಿಂಗಳು ಸಂಜೆ ಸಂಜೆ ಇವ ಹಿಂದಿನ ಹಿತ್ತಿಲಲ್ಲಿ ಹಾರೆ ಹಿಡ್ಕೊಂಡು ಅಗೀತಿದ್ದ. ಎಂತ ಮಾರಾಯ, ಗೆಣಸು ನೆಡ್ತೀಯಾ ಅಂತ ಕೇಳಿದೆ. ಮಾತಾಡ್ಲಿಲ್ಲ."

ಮಧ್ಯಾಹ್ನ ಹನ್ನೆರಡೂವರೆಗೆ ಅಗೆಯಲು ಶುರುಮಾಡಿದರು. ಮುರಕಲ್ಲಿನ ಗಟ್ಟಿ ನೆಲ, ಅಬೂಬಕ್ಕರನ ಅಂಗಿ ಹತ್ತು ನಿಮಿಷದಲ್ಲಿ ಒದ್ದೆಯಾಯಿತು. ಮೊಳದಾಳದಲ್ಲಿ ಕೆಟ್ಟ ವಾಸನೆ ಬಂತು. ಬಾಟ್ಲಿಯಿರಲಿಲ್ಲ. ಚಿಂದಿ ಬಟ್ಟೆಯಲ್ಲಿ ಒಂದೊಂದಾಗಿ ಸುತ್ತಿಟ್ಟ ಇಲಿಗಳಿದ್ದವು.

ಕೆದಿಲಾಯ ಬಗ್ಗಿದ.

"ನೀವು ಮುಟ್ಬೇಡಿ ಸಾರ್," ಎಂದ ಅಬೂಬಕ್ಕರ್. "ಮನೆಯಲ್ಲಿ ಅಮ್ಮ ಒಳಗೆ ಬಿಡ್ಲಿಕ್ಕಿಲ್ಲ."

"ನೀನು ಎಣಿಸು ಮಾರಾಯ."

ಹದಿನಾಲ್ಕು. ಕಿವಿಯಲ್ಲಿ ಗುರುತಿನ ಕಚ್ಚು. ಕೆಲವಕ್ಕೆ ಪಕ್ಕೆಯ ಗೆಡ್ಡೆ ಇನ್ನೂ ಗಟ್ಟಿಯಾಗಿಯೇ ಇತ್ತು. ಹರಿದಾಸ ಅಲ್ಲೇ ನೆಲದ ಮೇಲೆ ಕೂತುಬಿಟ್ಟ. ಒಂದು ಚೊಂಬು ನೀರು ಕುಡಿದು ಎಲ್ಲ ಹೇಳಿದ.

ಏಪ್ರಿಲ್ ಸೆಕೆಗೆ ಒಮ್ಮೆ ಹನ್ನೆರಡು ಇಲಿ ಸತ್ತಿದ್ದವಂತೆ. ಆಮೇಲೆ ಡಾಕ್ಟರು ಒಂದು ಕಟ್ಟಳೆ ಮಾಡಿದರು. ಮದ್ದು ಕೊಡದ ಇಲಿ ಸತ್ತರೆ ಕೇಳುವುದಿಲ್ಲ, ಅದು ಗೆಡ್ಡೆಯಿಂದ ಸತ್ತದ್ದು. ಮದ್ದು ಕೊಟ್ಟ ಇಲಿ ಸತ್ತರೆ ಅದು ಹರಿದಾಸನ ತಪ್ಪು: ನೀರು ಇಟ್ಟಿಲ್ಲ, ಗೂಡು ತೊಳೆದಿಲ್ಲ. ಪ್ರತಿ ಸಾವಿಗೆ ಅವನು ಕಾರಣ ಬರೆದು ರುಜು ಹಾಕಬೇಕು. ಮೂರನೆಯ ನೋಟೀಸಿಗೆ ಮನೆಗೆ.

"ಈ ಮದ್ದಿಗೆ ಎರಡನೇ ವಾರದಲ್ಲಿ ಸಾಯ್ಲಿಕ್ಕೆ ಶುರುವಾಯ್ತು ಸಾರ್. ದಿನಕ್ಕೆ ಎರಡು, ಮೂರು. ನೀರು ಇಟ್ಟಿದ್ದೆ. ಗೂಡು ತೊಳ್ದಿದ್ದೆ. ಯಾರು ನಂಬ್ತಾರೆ? ಮರಿ ಹಾಕಿಸುವ ಗೂಡಿನಲ್ಲಿ ಆರೋಗ್ಯದ ಇಲಿ ಇತ್ತು. ಕಿವಿಗೆ ಅದೇ ಕಚ್ಚು ಹಾಕಿ ಇವುಗಳ ಜಾಗದಲ್ಲಿ ಬಿಟ್ಟೆ."

ಡಾಕ್ಟರ್ ಸೆವರಿನ್ ಗೋಡೆಗೆ ಕೈಕೊಟ್ಟು ನಿಂತರು. "ಹದಿನಾಲ್ಕೂ?"

"ಹದಿನಾಲ್ಕೂ, ಧಣಿ."

"ತೂಕ ಏರಿತ್ತಲ್ಲ! ಗೆಡ್ಡೆ ಕೈಗೆ ಸಿಗ್ಲಿಲ್ಲ ಅಂತ ಎವ್ಲಿನ್ ಬರೆದಿದ್ದಾಳಲ್ಲ!"

"ಗೆಡ್ಡೆಯೇ ಇಲ್ಲದ ಇಲಿ ಧಣಿ ಅದು. ತಿಂದು ಬೆಳೀತಿತ್ತು."

ಕೆದಿಲಾಯನಿಗೆ ಮೈ ಉರಿಯಿತು. ಹರಿದಾಸನ ಮೇಲಲ್ಲ.

"ಸತ್ತರೆ ಹೇಗೆ ಸತ್ತಿತು ಅಂತ ಇವನ ಕುತ್ತಿಗೆ ಹಿಡ್ದು ಕೇಳಿದ್ರಿ. ಹದಿನಾಲ್ಕು ಬದುಕಿದಾಗ ಹೇಗೆ ಬದುಕಿತು ಅಂತ ಯಾರ ಹತ್ರ ಕೇಳಿದ್ರಿ ಡಾಕ್ಟ್ರೇ?"

ಡಾಕ್ಟರು ಬಗ್ಗಿ ಒಂದು ಇಲಿಯ ಕಿವಿಯ ಕಚ್ಚು ನೋಡಿದರು. ಮತ್ತೆ ಸಣ್ಣ ದನಿಯಲ್ಲಿ, "ಹಾಗಾದ್ರೆ ಅದು ಮದ್ದಲ್ಲ. ವಿಷ," ಎಂದರು.

ಆ ಮಾತಿನಿಂದ ಕಳವಿನ ಮುಖವೇ ಬದಲಾಯಿತು. ಸೇಡಿಗೆ ಕದ್ದವನಾದರೆ ಬಾವಿಗೆ ಎಸೆದಿರುತ್ತಾನೆ, ಹಾಳಾಗಿ ಹೋಗಲಿ. ಆದರೆ ನಂಬಿ ಕದ್ದವರಾದರೆ? ಅದನ್ನು ಯಾರಿಗೋ ತಿನ್ನಿಸುತ್ತಾ ಇರಬಹುದು, ಈ ಹೊತ್ತಿಗೂ.

ಕೆದಿಲಾಯ ತೂಕದ ಪುಸ್ತಕ ತರಿಸಿದ. ಎವ್ಲಿನ್‌ಳ ಅಕ್ಷರ ಮಲ್ಲಿಗೆ ಪೋಣಿಸಿದಂತಿತ್ತು. ಇಲಿಗಳ ತೂಕ: ಹತ್ತೊಂಬತ್ತು ಗ್ರಾಂ, ಇಪ್ಪತ್ತೊಂದು ಗ್ರಾಂ, ಇಪ್ಪತ್ಮೂರು ಗ್ರಾಂ. ಹಾಳೆ ಹಾಳೆ ತಿರುಗಿಸುತ್ತಾ ಹೋದ. ಸೆಪ್ಟೆಂಬರದ ಕೊನೆಯ ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದು, ರಬ್ಬರಿನಿಂದ ಉಜ್ಜಿ ಅಳಿಸಿದ ಗುಣಾಕಾರ ಇತ್ತು. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಅಂಕಿ ಕಾಣುತ್ತಿತ್ತು: ೩೮ನ್ನು ೫೦ರಿಂದ, ಬಂದದ್ದನ್ನು ೧೪ರಿಂದ.

"ಈ ಐವತ್ತು ಎಂತದ್ದು?"

"ಇಲಿಗೆ ಕೊಡುವ ಪ್ರಮಾಣ. ಕಿಲೋ ತೂಕಕ್ಕೆ ಐವತ್ತು ಮಿಲಿಗ್ರಾಂ. ಹದಿನಾಲ್ಕು ದಿನ."

"ಮೂವತ್ತೆಂಟು ಕಿಲೋದ ಇಲಿ ಸಾಕಿದ್ದೀರಾ ಇಲ್ಲಿ?"

ಡಾಕ್ಟರು ಪುಸ್ತಕ ಕಿತ್ತುಕೊಂಡು ನೋಡಿದರು. "ಇದು ಮನುಷ್ಯರ ತೂಕ. ಜೀಸಸ್! ಇಲಿಯ ಪ್ರಮಾಣವನ್ನು ಮನುಷ್ಯರಿಗೆ ಹೀಗೆ ನೇರ ಗುಣಿಸ್ಲಿಕ್ಕೆ ಆಗುದಿಲ್ಲ. ಹತ್ತು ಪಟ್ಟು ಹೆಚ್ಚಾಗ್ತದೆ."

"ಎವ್ಲಿನ್ ನಿಮ್ಮ ಹತ್ರ ಎಂತಾದ್ರೂ ಕೇಳಿದ್ಲಾ?"

"ಮನುಷ್ಯರಿಗೆ ಯಾವಾಗ ಕೊಡ್ತೀರಿ ಅಂತ ಕೇಳಿದ್ಲು. ಐದು ವರ್ಷ ಬೇಕು ಅಂದೆ. ನಗ್ತಾ ಅಂದೆ."

"ಮನೆಯಲ್ಲಿ ಹುಷಾರಿಲ್ಲದ್ದು ಯಾರಿಗೆ?"

"ಕೇಳ್ಲಿಲ್ಲ," ಎಂದರು ಡಾಕ್ಟರು.

ಜೀಪು ಕಾವೂರು ಕೆರೆಯ ದಡದ ಎವ್ಲಿನ್‌ಳ ಮನೆ ಮುಟ್ಟಿದಾಗ ಸಂಜೆ ನಾಲ್ಕೂಕಾಲು. ಎರಡು ಕೋಣೆಯ ಮನೆ, ಗೋಡೆಯ ಮೇಲೆ ಶಿಲುಬೆ. ಎವ್ಲಿನ್ ಇರಲಿಲ್ಲ, ಪೇಟೆಗೆ ಹೋಗಿದ್ದಳು. ಮಂಚದ ಮೇಲೆ ಅವಳ ಅಕ್ಕ ಕಾರ್ಮಿನ್ ಒರಗಿ ಕೂತಿದ್ದಳು. ನಲವತ್ತನಾಲ್ಕು ವರ್ಷ ಎಂದು ಆಮೇಲೆ ತಿಳಿಯಿತು, ನೋಡಿದರೆ ಅರವತ್ತು. ಕಣ್ಣು, ಚರ್ಮ ಅರಸಿನ ಹಚ್ಚಿದಂತೆ ಹಳದಿ. ತುಟಿಯ ತುಂಬ ಹುಣ್ಣು. ಬೆರಳ ತುದಿಗಳು ಮಾತ್ರ ಕಪ್ಪು. ಗೇರುಬೀಜದ ಎಣ್ಣೆ ಸುಟ್ಟ ಬೆರಳುಗಳ ಕಲೆ ಸೋಪಿಗೆ ಹೋಗುವುದಿಲ್ಲ.

"ಬಾಯಮ್ಮ, ತಂಗಿ ಮದ್ದು ಕೊಡ್ತಾಳಾ ನಿಮಗೆ?" ಎಂದ ಕೆದಿಲಾಯ.

ಅವಳು ಖಾಕಿಯನ್ನು ನೋಡಿದಳು, ಅಬೂಬಕ್ಕರನ ಟೊಪ್ಪಿಯನ್ನು ನೋಡಿದಳು. ದಡ್ಡಿಯಲ್ಲ.

"ಕದ್ದು ತಂದದ್ದಾ?"

"ಹೌದು."

"ನನಗೆ ಡೌಟಿತ್ತು. ಪುಕ್ಕಟೆ ಕೊಟ್ರು ಅಂದ್ಲು. ನಮಗೆ ಯಾರು ಸಾರ್ ಪುಕ್ಕಟೆ ಕೊಡುದು?"

ಎಷ್ಟು ದಿನವಾಯಿತು ಎಂದು ಕೇಳಿದ. ನಾಲ್ಕನೇ ತಾರೀಕಿನಿಂದ, ರಾತ್ರಿ ಊಟದ ಹೊತ್ತಿಗೆ ದಿನಕ್ಕೊಂದು ಪೊಟ್ಟಣ, ಜೇನಿನಲ್ಲಿ ಕಲಸಿ. ಒಂಬತ್ತಾಗಿದೆ, ಐದು ಉಳಿದಿದೆ. ಬಾಯಿ ಹುಣ್ಣಾದದ್ದು ಮದ್ದು ಹಿಡಿದ ಗುರುತು ಎಂದು ಎವ್ಲಿನ್ ಹೇಳಿದ್ದಾಳೆ.

"ಇನ್ನು ತಿನ್ಬೇಡಿ."

"ಯಾಕೆ? ಇಲಿಗೆ ಗುಣ ಆಗಿದೆ ಅಂತ ಹೇಳಿದ್ಲು. ಅವಳೇ ಮುಟ್ಟಿ ನೋಡಿದ್ದಂತೆ."

ಸುಳ್ಳು ಹೇಳಬಹುದಿತ್ತು. ಕದ್ದ ಮಾಲು, ಕಾನೂನು, ಜಪ್ತಿ ಎಂದು ಏನಾದರೂ. ಆದರೆ ಆ ಹಳದಿ ಕಣ್ಣು ನೇರ ನೋಡುತ್ತಿತ್ತು. ಕೆದಿಲಾಯ ಮಂಚದ ಬದಿಯ ಸ್ಟೂಲಿನಲ್ಲಿ ಕೂತು ಹರಿದಾಸನ ಕತೆಯನ್ನು ಇದ್ದ ಹಾಗೆ ಹೇಳಿದ. ಹಿತ್ತಿಲು, ಚಿಂದಿ ಬಟ್ಟೆ, ಹದಿನಾಲ್ಕು ಇಲಿ.

ಕಾರ್ಮಿನ್ ಅಳಬಹುದು ಎಂದುಕೊಂಡಿದ್ದ. ಅವಳು ಹುಣ್ಣಿನ ತುಟಿಯಲ್ಲೇ ನಕ್ಕಳು.

"ಪಾಪ. ಅವನಿಗೆ ಹೊಡೀಲಿಲ್ಲ ಅಲ್ವಾ? ಬೀಜದ ಫ್ಯಾಕ್ಟ್ರಿಯಲ್ಲಿ ನಾವೂ ಹಾಗೆಯೇ ಸಾರ್. ತಿರುಳು ತುಂಡಾದ್ರೆ ಮೇಸ್ತ್ರಿ ಬೈತಿದ್ದ. ಅಡಿಗೆ ತುಂಡು ಹಾಕಿ ಮೇಲಿಂದ ಇಡೀ ಬೀಜ ಜೋಡಿಸ್ತಿದ್ದೆವು. ಡಬ್ಬ ತೆಗೆದವರಿಗೆ ಎಂತಾಯ್ತೋ ನಾವು ಯೋಚಿಸ್ಲಿಲ್ಲ."

ಅವಳು ಗೋಡೆಯ ಶಿಲುಬೆಯತ್ತ ತಿರುಗಿದಳು.

"ಅಪ್ಪ ಅಮ್ಮ ಹೋಗುವಾಗ ಅವಳಿಗೆ ಆರು ವರ್ಷ. ಬಿ.ಎಸ್ಸಿ. ಓದಿಸಿದೆ. ನಮ್ಮ ಓಣಿಯಲ್ಲಿ ಅವಳೊಬ್ಬಳೇ. ಸಾರ್, ಒಂದು ಮಾತು ನಡೆಸಿ ಕೊಡ್ತೀರಾ?"

"ಹೇಳಿ."

"ಇಲಿಯ ವಿಷಯ ಅವಳಿಗೆ ಗೊತ್ತಾಗ್ಬಾರ್ದು. ನಾನು ಹೇಗೂ ಹೋಗುವವಳು. ರೋಗದಿಂದ ಹೋದೆ ಅಂತ ಇರ್ಲಿ. ತನ್ನ ಕೈಯಾರೆ ವಿಷ ತಿನ್ನಿಸಿದೆ ಅಂತ ಗೊತ್ತಾದ್ರೆ ಆ ಹುಡುಗಿ ಕೆರೆಗೆ ಹಾರ್ತಾಳೆ. ಎದುರೇ ಉಂಟು ಕೆರೆ, ನೋಡಿ."

ಅಬೂಬಕ್ಕರ್ ಬಾಗಿಲಾಚೆ ಮುಖ ತಿರುಗಿಸಿದ.

"ನಡೆಸಿ ಕೊಡ್ತೇನೆ," ಎಂದ ಕೆದಿಲಾಯ. ಅಪ್ಪ ದೇವರ ಮುಂದೆ ದೀಪ ಹಿಡಿದು ಪ್ರಾರ್ಥನೆ ಹೇಳುತ್ತಿದ್ದ ದನಿ ಅವನ ಗಂಟಲಲ್ಲಿ ಬಂದದ್ದು ಅವನಿಗೇ ಆಶ್ಚರ್ಯ.

ಎವ್ಲಿನ್ ಐದಕ್ಕೆ ಐದು ನಿಮಿಷ ಇರುವಾಗ ಬಂದಳು, ಕೈಯಲ್ಲಿ ಎರಡು ಎಳನೀರು. ಇಪ್ಪತ್ತೊಂಬತ್ತರ ಹೆಣ್ಣು, ಎರಡು ವಾರ ನಿದ್ದೆ ಮಾಡದ ಕಣ್ಣು. ಜೀಪು ಕಂಡು ಓಡಲಿಲ್ಲ. ಎಳನೀರನ್ನು ಮೆಟ್ಟಿಲ ಮೇಲೆ ಇಟ್ಟಳು.

"ನಾನೇ ತೆಗ್ದದ್ದು. ಬರ್ತೇನೆ. ಆದ್ರೆ ಐದು ದಿನ ಕಳೆದು."

"ಪೊಟ್ಟಣ ಎಲ್ಲಿ?"

"ಸಾರ್, ಪ್ಲೀಸ್. ಹದಿನಾಲ್ಕು ದಿನದ ಕೋರ್ಸು ಅದು. ನಡುವೆ ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಮುಗಿದ ಮೇಲೆ ಜೈಲಿಗೆ ಹಾಕಿ, ನೇಣಿಗೆ ಹಾಕಿ."

"ಕದ್ದ ಮಾಲು. ಜಪ್ತಿ ಮಾಡ್ಲೇಬೇಕು."

"ಹದಿನಾಲ್ಕು ಇಲಿ ಬದುಕಿದಾವೆ ಸಾರ್! ನಾನು ಈ ಕೈಯಲ್ಲಿ ಮುಟ್ಟಿದ್ದೇನೆ!"

ಅವಳು ಕೈ ಚಾಚಿ ತೋರಿಸಿದಳು. ಕೆದಿಲಾಯ ಆ ಕೈ ನೋಡಲಿಲ್ಲ. ಅಕ್ಕಿಡಬ್ಬದ ಹಿಂದೆ ಐದು ಪೊಟ್ಟಣ, ಬಾಟ್ಲಿಯ ತಳದಲ್ಲಿ ಮೂರು ಗ್ರಾಮಿನಷ್ಟು ಹುಡಿ ಸಿಕ್ಕಿತು. ಜಪ್ತಿ ಪಂಚನಾಮೆ ಐದೂವರೆಗೆ ಮುಗಿಯಿತು. ಅವಳು ಪೊಟ್ಟಣಗಳಿಗಾಗಿ ಅಬೂಬಕ್ಕರನ ತೋಳನ್ನು ಹಿಡಿದೆಳೆದಳು. ಅವನ ಅಂಗಿಯ ಗುಂಡಿ ಕಿತ್ತುಬಂತು. ಒಳಗಿನಿಂದ ಕಾರ್ಮಿನ್ ತಂಗಿಯನ್ನು ಕರೆದಳು: "ಬಾಯೆ, ಬಿಡು. ಅವರ ಕೆಲಸ ಅದು."

ಆರು ಗಂಟೆಗೆ ಕಾರ್ಮಿನ್‌ಳನ್ನು ಅದೇ ಜೀಪಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಎವ್ಲಿನ್‌ಳನ್ನು ಆವತ್ತು ದಸ್ತಗಿರಿ ಮಾಡಲಿಲ್ಲ. ಠಾಣೆಯ ಡೈರಿಯಲ್ಲಿ ಕೆದಿಲಾಯ, 'ಆರೋಪಿ ಸಹಕರಿಸುತ್ತಿದ್ದಾರೆ, ತನಿಖೆ ಮುಂದುವರಿದಿದೆ' ಎಂದು ಬರೆದ. ನಾಲ್ಕು ದಿನ ಅದನ್ನೇ ಬರೆದ. ಮೇಲಧಿಕಾರಿ ಫೋನಿನಲ್ಲಿ ಬೈದದ್ದನ್ನು ನಿಂತು ಕೇಳಿದ.

ಹದಿನೇಳನೇ ತಾರೀಕು ಶನಿವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಕಾರ್ಮಿನ್ ತೀರಿಕೊಂಡಳು. ಗೆಡ್ಡೆಯಿಂದಲೋ, ಮದ್ದಿನಿಂದಲೋ? ಹೇಳಲಾಗುವುದಿಲ್ಲ ಎಂದು ಆಸ್ಪತ್ರೆಯ ಹಿರಿಯ ವೈದ್ಯರು ತಲೆಯಾಡಿಸಿದರು. ಗೆಡ್ಡೆ ಯಕೃತ್ತಿಗೆ ಹಬ್ಬಿತ್ತು. ಆ ಮದ್ದು ತಿನ್ನದಿದ್ದರೆ ಇನ್ನೂ ಒಂದು ತಿಂಗಳು ಇರುತ್ತಿದ್ದಳು, ಹೆಚ್ಚೆಂದರೆ ಎರಡು. ಅವರು ಮರಣಪತ್ರದಲ್ಲಿ ಕ್ಯಾನ್ಸರ್ ಎಂದೇ ಬರೆದರು. ಒಂದು ತಿಂಗಳು ಎಂದರೆ ಎಷ್ಟು ಎಂದು ಕೆದಿಲಾಯ ಯೋಚಿಸಿದ. ಮೂವತ್ತು ಸಲ ತಂಗಿ ತಲೆ ಬಾಚುವುದು. ಮೂವತ್ತು ಬೆಳಗು. ಅದನ್ನು ಕಿತ್ತುಕೊಂಡವರು ಯಾರು? ಇಲಿ ಹೂತವನೋ, ಅವನನ್ನು ಹೆದರಿಸಿ ಇಟ್ಟವರೋ, ಪೊಟ್ಟಣ ಕಟ್ಟಿದವಳೋ? ದಂಡ ಸಂಹಿತೆಯ ಐನೂರ ಹನ್ನೊಂದು ಕಲಮುಗಳಲ್ಲಿ ಇಲಿ ಬದಲಾಯಿಸಿದ್ದಕ್ಕೆ ಒಂದೂ ಇಲ್ಲ. ನೋಟೀಸು ಕೊಟ್ಟು ಒಬ್ಬ ಬಡವನ ಬಾಯಿ ಮುಚ್ಚಿಸಿದ್ದಕ್ಕಂತೂ ಇಲ್ಲವೇ ಇಲ್ಲ. ಕಳವಿಗೆ ಮಾತ್ರ ಉಂಟು, ಏಳು ವರ್ಷದ ತನಕ.

ಡಾಕ್ಟರ್ ಸೆವರಿನ್ ಠಾಣೆಗೆ ಬಂದಿದ್ದರು. "ನಲವತ್ತೊಂದರ ಪುಟಗಳಿಗೆಲ್ಲ ಕೆಂಪು ಗೆರೆ ಎಳೆದಿದ್ದೇನೆ," ಎಂದರು. "ಹರಿದಾಸನನ್ನು ಕೆಲಸದಿಂದ ತೆಗೆದಿಲ್ಲ. ದೂರು ಹಿಂತೆಗೆದುಕೊಳ್ಳಬಹುದಾ?"

"ಇಲ್ಲ. ಎಫ್.ಐ.ಆರ್. ಆದ ಮೇಲೆ ಅದು ನಿಮ್ಮದಲ್ಲ."

"ಅವಳಿಗೆ ನಾನೇ ಎಲ್ಲ ಹೇಳ್ತೇನೆ. ನನ್ನ ಪಾಪ ಅದು."

"ನಿಮ್ಮ ಪಾಪ ನೀವೇ ಇಟ್ಕೊಳ್ಳಿ ಡಾಕ್ಟ್ರೇ. ಅವಳ ತಲೆ ಮೇಲೆ ಇಳಿಸ್ಬೇಡಿ."

ಹತ್ತೊಂಬತ್ತನೇ ತಾರೀಕು, ಸೋಮವಾರ. ಹಿಂದಿನ ದಿನ ಮಣ್ಣು ಕೊಟ್ಟಾಗಿತ್ತು. ಬೆಳಿಗ್ಗೆ ಹತ್ತೂವರೆಗೆ ಜೀಪು ಮತ್ತೆ ಕಾವೂರಿಗೆ ಹೋಯಿತು. ಜೊತೆಗೆ ಒಬ್ಬ ನೆರೆಮನೆಯ ಹೆಂಗಸು ಇರಲಿ ಎಂದು ಕೆದಿಲಾಯನೇ ಹೇಳಿಕಳಿಸಿದ್ದ. ಎವ್ಲಿನ್ ಕಪ್ಪು ಸೀರೆಯಲ್ಲಿ ಜಗಲಿಯ ಮೇಲೆ ಸಣ್ಣ ಚೀಲ ಹಿಡಿದು ಕೂತಿದ್ದಳು. ದಸ್ತಗಿರಿ ಪತ್ರಕ್ಕೆ ರುಜು ಹಾಕಿದಳು. ಅಕ್ಷರ ಇನ್ನೂ ಹಾಗೆಯೇ ಚಂದ.

"ಒಂದು ಹೇಳ್ಬೇಕು ನಿಮಗೆ," ಎಂದಳು.

"ಹೇಳಿ."

"ಒಂಬತ್ತನೇ ದಿನಕ್ಕೆ ಇಲಿಗಳಿಗೂ ಗೆಡ್ಡೆ ಹಾಗೇ ಇತ್ತು. ಕರಗಿದ್ದು ಆಮೇಲೆ. ನಾನೇ ಬರ್ದದ್ದು, ನನಗೆ ಗೊತ್ತುಂಟು. ಇನ್ನು ಐದೇ ಐದು ಪೊಟ್ಟಣ." ಅವಳ ದನಿ ಒಡೆಯಲಿಲ್ಲ, ಒಡೆದಿದ್ದರೆ ಕೇಳುವುದು ಸುಲಭವಾಗುತ್ತಿತ್ತು. "ನನ್ನ ಬಾಯ್, ನನ್ನಕ್ಕ, ಬದುಕ್ತಿದ್ಲು. ನೀವು ಕೊಂದಿರಿ."

ಅಬೂಬಕ್ಕರನಿಗೆ ತಡೆಯಲಾಗಲಿಲ್ಲ. "ಏ ಬಾಯಮ್ಮ, ನಿಮಗೆ ಗೊತ್ತಿಲ್ಲ, ಆ ಇಲಿಗಳು..."

"ಅಬೂಬಕ್ಕರ್!"

ಕೆದಿಲಾಯ ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಹೌದು," ಎಂದ. "ನಾನು ಆ ಪೊಟ್ಟಣ ಬಿಟ್ಟು ಹೋಗ್ಬಹುದಿತ್ತು. ಬಿಡ್ಲಿಲ್ಲ. ಜೀಪು ಹತ್ತಿ."

ಅವಳು ಅವನ ಬೂಟಿನ ಬಳಿ ಉಗುಳಿ ಜೀಪು ಹತ್ತಿದಳು.

ಸಂಜೆ ಠಾಣೆಯಲ್ಲಿ ಅಬೂಬಕ್ಕರ್ ಚಾ ತಂದಿಟ್ಟ. "ಸಾರ್, ಆಯುಷ್ಯ ಇಡೀ ಅವಳು ನಿಮ್ಮನ್ನು ಶಪಿಸ್ತಾಳೆ."

"ಶಪಿಸ್ಲಿ. ಶಪಿಸ್ಲಿಕ್ಕಾದ್ರೂ ಬದುಕ್ಬೇಕಲ್ಲ."

ದೋಷಾರೋಪ ಪಟ್ಟಿಯ ಜೊತೆಗೆ ಹೋಗುವ ಪ್ರತಿ ಕಾಗದದ ನಕಲೂ ಆರೋಪಿಗೆ ಸಿಗಬೇಕು, ಅದು ಕಾನೂನು. ಹಿತ್ತಿಲು ಅಗೆದ ಪಂಚನಾಮೆಯನ್ನು ಕೆದಿಲಾಯ ಕಡತದಿಂದ ಬಿಚ್ಚಿ, 'ಈ ಪ್ರಕರಣಕ್ಕೆ ಸಂಬಂಧಿಸಿಲ್ಲ' ಎಂದು ಬರೆದು ಬೇರೆ ಕಟ್ಟಿನಲ್ಲಿಟ್ಟ. ಕಳವನ್ನು ಅವಳೇ ಒಪ್ಪಿಕೊಂಡಿದ್ದಳು; ಇಲಿಗಳ ಸಾಕ್ಷಿ ಯಾರಿಗೂ ಬೇಕಾಗಿರಲಿಲ್ಲ.

ಉಳಿದದ್ದು ಉದ್ದೇಶದ ಅಂಕಣ. ಒಂದೂವರೆ ಸಾಲಿನ ಜಾಗ. ಕೆದಿಲಾಯ ತುಂಬಾ ಹೊತ್ತು ಲೇಖನಿ ಹಿಡಿದು ಕೂತಿದ್ದು ಹೀಗೆ ಬರೆದ: 'ಆರು ವರ್ಷದವಳಿದ್ದಾಗಿನಿಂದ ತನ್ನನ್ನು ಸಾಕಿ ಓದಿಸಿದ ಅಕ್ಕನ ಪ್ರಾಣ ಉಳಿಸುವ ಸಲುವಾಗಿ.' 'ಔಷಧವೆಂದು ತಪ್ಪಾಗಿ ತಿಳಿದು' ಎಂಬ ಮಾತು ಅಲ್ಲಿ ಬರಬೇಕಿತ್ತು. ಜಾಗವೂ ಇತ್ತು.

ಅಬೂಬಕ್ಕರ್ ಕಾರ್ಬನ್ ಹಾಳೆ ಇಟ್ಟು ಟೈಪು ಮಾಡಿ ಮೂರು ಪ್ರತಿ ತೆಗೆದ. ಒಂದು ಕೋರ್ಟಿಗೆ, ಒಂದು ಠಾಣೆಗೆ, ಒಂದು ಅವಳಿಗೆ.